ಹಿತ್ತಲಿನ ವಿಷವೂ ಮನೆಯ ಬೆಕ್ಕೂ

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಹತ್ತಿರದಲ್ಲಿರುವ ವಸ್ತುವಿನ ಗುಣವು ಮನುಷ್ಯನ ಕಣ್ಣಿಗೆ ಬೀಳುವುದಿಲ್ಲವೆಂಬುದೇ ಅದರ ತಾತ್ಪರ್ಯ. ಆದರೆ ಕನ್ನಡದಲ್ಲಿ ಮದ್ದೆಂಬ ಶಬ್ದಕ್ಕೆ ಎರಡು ಮುಖಗಳುಂಟು. ವೈದ್ಯನು ಕೊಡುವುದೂ ಮದ್ದೇ; ಹಗೆಯು ಅನ್ನದಲ್ಲಿ ಕಲಸಿ ಹಾಕುವುದೂ ಮದ್ದೇ. ಗಾದೆಯನ್ನು ಈ ಎರಡನೆಯ ಅರ್ಥದಲ್ಲಿ ತೆಗೆದುಕೊಂಡರೂ ಅದು ಸುಳ್ಳಾಗದು. ಹಿತ್ತಲ ಗಿಡದ ಗುಣವನ್ನು ಕಾಣದವನಿಗೆ ಅದರ ದೋಷವೂ ಕಾಣುವುದಿಲ್ಲ.

ಒಂದು ಮನೆಯನ್ನು ಊಹಿಸಿಕೊಂಡು ಈ ಮಾತನ್ನು ಪರಿಶೀಲಿಸಬಹುದು. ಊರು ಬಯಲುಸೀಮೆಯದು. ಮನೆಯ ಯಜಮಾನನು ಕಚೇರಿಯ ಗುಮಾಸ್ತೆ. ಮನೆಯಲ್ಲಿ ಆತನ ಮುದಿತಾಯಿ, ಹೆಂಡತಿ, ಹತ್ತು ವರ್ಷದ ಮಗಳು. ಹಿತ್ತಲಿನಲ್ಲಿ ಎರಡು ಪಾತಿ ಈರುಳ್ಳಿ, ಒಂದು ಪಾತಿ ಬೆಳ್ಳುಳ್ಳಿ, ನಾಲ್ಕಾರು ಬದನೆಯ ಗಿಡ, ಕೋಲು ಕೊಟ್ಟು ಕಟ್ಟಿದ ಟೊಮೇಟೊ. ಎರಡು ವರ್ಷದ ಹಿಂದೆ ಇಲಿಯ ವಾಸನೆ ಹಿಡಿದು ಬಂದ ಬೆಕ್ಕೊಂದು ಕಣಜದ ಮೂಲೆಯನ್ನು ತನ್ನದಾಗಿ ಮಾಡಿಕೊಂಡಿತು. ಅದನ್ನು ಯಾರೂ ಕರೆಯಲಿಲ್ಲ; ಯಾರೂ ಓಡಿಸಲೂ ಇಲ್ಲ. ರಾತ್ರಿ ಉಳಿದ ಹುಳಿಯನ್ನವನ್ನು ಮಗಳು ಅದಕ್ಕೆ ಹಾಕುವಳು. ಹಗಲು ಹೊತ್ತು ಅದು ಪಾತಿಯ ಸಡಿಲಮಣ್ಣಿನಲ್ಲಿ ಹೊರಳುವುದು, ಹುಲ್ಲಿನಂತೆ ಎದ್ದುನಿಂತ ಈರುಳ್ಳಿಯ ಎಳೆಗರಿಯನ್ನು ಕಡಿಯುವುದು. ಒಂದು ದಿನ ಅದು ಹಾಲಿನ ಬಟ್ಟಲಿಗೂ ತಲೆಯೆತ್ತಲಿಲ್ಲ. ಒಸಡು ಬೂದಿಯಂತೆ ಬಿಳಿದಾಗಿತ್ತು, ಉಸಿರು ಬೇಗಬೇಗನೆ ಆಡುತ್ತಿತ್ತು, ಮೂತ್ರವು ಕಂದುಗೆಂಪಾಗಿತ್ತು. ಪಶುವೈದ್ಯರು ನೋಡಿ, ಮೊದಲು ಕೇಳಿದ ಪ್ರಶ್ನೆಯೇ, "ಈರುಳ್ಳಿ ಬೆಳ್ಳುಳ್ಳಿ ಏನಾದರೂ ತಿಂದಿತೆ?" ಎಂದು.

ಬೆಕ್ಕು ಬಹಳ ದಿನ ನರಳಿ ಬದುಕಿಕೊಂಡಿತು. ಆದರೆ ಆ ದಿನಗಳಲ್ಲಿ ಮನೆಯೊಳಗೆ ನಡೆದ ಮಾತು ಬೆಕ್ಕಿನ ಕಾಯಿಲೆಗಿಂತ ದೊಡ್ಡದು.

"ಮೂಕಪ್ರಾಣಿ. ಅದರ ಹಣೆಯಲ್ಲಿ ಬರೆದದ್ದು" ಎಂದಳು ಮುದುಕಿ.

"ಈರುಳ್ಳಿ ಬೆಕ್ಕಿಗೆ ವಿಷವೆಂದು ಯಾರಿಗೆ ಗೊತ್ತಿತ್ತಮ್ಮ? ಗೊತ್ತಿದ್ದರೆ ಹಾಕುತ್ತಿದ್ದೆವೆ?" ಎಂದನು ಮಗ.

ಹುಡುಗಿ ಹೇಳಿದಳು: "ಅಪ್ಪಾ, ಹಸಿರು ತಿರುಗಿದ ಆಲೂಗಡ್ಡೆ ನನಗೆ ಹಾಕಬೇಡವೆಂದು ಅಮ್ಮನಿಗೆ ನೀನೇ ಹೇಳಿದೆಯಲ್ಲ. ಅದನ್ನು ಯಾರನ್ನೋ ಕೇಳಿ ತಿಳಿದುಕೊಂಡಿದ್ದೆ ತಾನೆ? ಬೆಕ್ಕಿನ ವಿಷಯ ಯಾಕೆ ಕೇಳಲಿಲ್ಲ?"

ತಂದೆಗೆ ಉತ್ತರ ತೋರಲಿಲ್ಲ. ದೊಡ್ಡವರು ಉತ್ತರ ಕೊಡಬೇಕಾದ ಪ್ರಶ್ನೆ ಇದು. ತಿಳಿಯದೆ ಮಾಡಿದ ಕಾರ್ಯಕ್ಕೆ ದೋಷವಿಲ್ಲವೆನ್ನುವುದು ಸುಲಭ. ತಿಳಿಯಬಹುದಾಗಿದ್ದೂ ತಿಳಿದುಕೊಳ್ಳದೆ ಇದ್ದುದಕ್ಕೆ ದೋಷವುಂಟೆ ಇಲ್ಲವೆ? ಅದರಲ್ಲಿಯೂ, ಬಾಯಿಲ್ಲದ, ಕರೆಯದೆ ಬಂದ, ಒಂದು ಬೆಕ್ಕಿನ ವಿಷಯದಲ್ಲಿ?

ಮೊದಲು ಸಾಮಾನ್ಯ ಜನರ ಪೂರ್ವಪಕ್ಷವನ್ನು ನೋಡತಕ್ಕದ್ದು. ತಿರ್ಯಗ್ಜಂತುಗಳಿಗೆ ತಮ್ಮ ಹಿತಾಹಿತವು ಹುಟ್ಟಿನಿಂದಲೇ ಗೊತ್ತಿರುವುದೆಂದೂ, ತಿನ್ನಬಾರದುದನ್ನು ಅವು ಮೂಸಿ ಬಿಡುವುವೆಂದೂ, ಮನುಷ್ಯನು ನಡುವೆ ಕೈ ಹಾಕಬೇಕಾಗಿಲ್ಲವೆಂದೂ ಹೇಳುವುದುಂಟು. ಇದರಲ್ಲಿ ಅರ್ಧ ಸತ್ಯವಿದೆ. ಬದನೆ ಟೊಮೇಟೊ ಗಿಡಗಳ ಕಟುವಾಸನೆಗೆ ಬೆಕ್ಕು ಸಾಮಾನ್ಯವಾಗಿ ಬಾಯಿ ಹಾಕದು. ಆದರೆ ಹುಟ್ಟುಗುಣವು ಹುಟ್ಟಿದ ನೆಲೆಗೆ ತಕ್ಕುದಾಗಿರುವುದೇ ಹೊರತು ಮನುಷ್ಯನು ಕಟ್ಟಿದ ನೆಲೆಗೆ ತಕ್ಕುದಲ್ಲ. ಮನೆಯ ಬೆಕ್ಕಿನ ಮೂಲವು ಪಶ್ಚಿಮ ಏಷ್ಯಾ ಮತ್ತು ಆಫ್ರಿಕದ ಕಾಡುಬೆಕ್ಕು. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಪಕ್ಕದಲ್ಲಿ ಹೂಳಿದ್ದ ಬೆಕ್ಕೊಂದರ ಅಸ್ಥಿಯನ್ನು ವಿದ್ವಾಂಸರು 2004ರಲ್ಲಿ ವರ್ಣಿಸಿದರು. ಅದು ಸುಮಾರು 9,500 ವರ್ಷಗಳಷ್ಟು ಹಿಂದಿನದು. ಅತ್ತ ಟೊಮೇಟೊ ಮತ್ತು ಆಲೂಗಡ್ಡೆಗಳು ಅಮೆರಿಕ ಖಂಡದವು. ಐರೋಪ್ಯರ ಹಡಗುಗಳು ಆ ಖಂಡವನ್ನು ಮುಟ್ಟಿದ ಮೇಲೆಯೇ ಇವು ಭಾರತದ ನೆಲಕ್ಕೆ ಬಂದವು. ಬೆಕ್ಕಿನ ಪೂರ್ವಿಕರು ಇವನ್ನು ಕಂಡವರೇ ಅಲ್ಲ. ಒಂದೇ ಹಿತ್ತಲಿನಲ್ಲಿ ಇವೆರಡನ್ನೂ ಸೇರಿಸಿದವನು ಮನುಷ್ಯನು.

ಇದಕ್ಕಿಂತಲೂ ಬಲವಾದ ಸಮಾಧಾನವು ಬೆಕ್ಕಿನ ಶರೀರದಲ್ಲಿಯೇ ಇದೆ. ಸೊಪ್ಪು ಹಣ್ಣುಗಳನ್ನು ತಿಂದು ಬಾಳುವ ಪ್ರಾಣಿಗಳ ಯಕೃತ್ತು ಸಸ್ಯಗಳಲ್ಲಿರುವ ಅನೇಕ ಕಟುದ್ರವ್ಯಗಳನ್ನು ಪರಿವರ್ತಿಸಿ ಹೊರಕ್ಕೆ ಹಾಕುವ ಸಾಮಗ್ರಿಯನ್ನು ಪಡೆದಿರುತ್ತದೆ. ಬೆಕ್ಕಿನ ಕುಲವು ತಲೆತಲಾಂತರದಿಂದ ಮಾಂಸವನ್ನೇ ತಿಂದುದರಿಂದ ಆ ಸಾಮಗ್ರಿಯಲ್ಲಿ ಒಂದು ಮುಖ್ಯಭಾಗವು ಅದರಲ್ಲಿ ಕೆಟ್ಟುಹೋಗಿದೆ. ಆ ಕೆಲಸದ ಜೀನು ಬೆಕ್ಕಿನಲ್ಲಿ ಇದ್ದರೂ ನಡೆಯುವುದಿಲ್ಲ. ಮನುಷ್ಯನ ಜ್ವರದ ಮಾತ್ರೆಯಾದ ಪ್ಯಾರಾಸಿಟಮಾಲ್ ಒಂದೇ ಒಂದು ಬೆಕ್ಕನ್ನು ಕೊಲ್ಲಬಲ್ಲುದೆಂಬುದಕ್ಕೆ ಈ ಕೊರತೆಯೇ ಒಂದು ಕಾರಣ. ಪ್ರಕೃತಿಯು ಅದಕ್ಕೆ ಸಸ್ಯವಿಷಗಳ ಜ್ಞಾನವನ್ನೂ ಕೊಡಲಿಲ್ಲ, ಪ್ರತಿವಿಷವನ್ನೂ ಕೊಡಲಿಲ್ಲ, ಬೇಕಾಗಿರಲಿಲ್ಲವೆಂದು ಕೊಡಲಿಲ್ಲ.

ಈರುಳ್ಳಿ ಬೆಳ್ಳುಳ್ಳಿಗಳ ವಿಷಯವಂತೂ ಇನ್ನೂ ಸೂಕ್ಷ್ಮವಾದುದು. ಆ ಕುಲದ ಗಿಡಗಳಲ್ಲಿರುವ ಗಂಧಕಯುಕ್ತ ದ್ರವ್ಯಗಳು ರಕ್ತದ ಕೆಂಪುಕಣಗಳೊಳಗಿನ ಹಿಮೋಗ್ಲೋಬಿನ್ನನ್ನು ಕೆಡಿಸುವುವು. ಹಾಗೆ ಕೆಟ್ಟ ಕಣಗಳಲ್ಲಿ ಕಾಣುವ ಚುಕ್ಕೆಗಳನ್ನು ಜರ್ಮನಿಯ ವೈದ್ಯ ಹೈನ್ಜ್ 1890ರಲ್ಲಿ ವರ್ಣಿಸಿದನು. ಅವಕ್ಕೆ ಅವನ ಹೆಸರೇ ನಿಂತಿದೆ. ಬೆಕ್ಕಿನ ಹಿಮೋಗ್ಲೋಬಿನ್ನು ಇತರ ಪ್ರಾಣಿಗಳದಕ್ಕಿಂತ ಬೇಗ ಈ ಪೆಟ್ಟಿಗೆ ಸಿಕ್ಕುವುದು. ದೇಹದ ತೂಕದ ಕಿಲೋ ಒಂದಕ್ಕೆ 5 ಗ್ರಾಂ ಈರುಳ್ಳಿಯೇ ಕೇಡಿಗೆ ಸಾಕೆಂದು ಪಶುವೈದ್ಯಶಾಸ್ತ್ರವು ಹೇಳುತ್ತದೆ. ಮೂರು ಕಿಲೋ ತೂಗುವ ಬೆಕ್ಕಿಗೆ ಲೆಕ್ಕ ಹಾಕಿದರೆ 15 ಗ್ರಾಂ, ಎಂದರೆ ಗಡ್ಡೆಯ ಒಂದು ಹೋಳು. ಬೆಳ್ಳುಳ್ಳಿಯ ತೀಕ್ಷ್ಣತೆಯು ಇದಕ್ಕಿಂತ ಹೆಚ್ಚು. ಬೇಯಿಸಿದರೂ ಒಣಗಿಸಿದರೂ ಪುಡಿ ಮಾಡಿದರೂ ಆ ದೋಷವು ಹೋಗುವುದಿಲ್ಲ. ಸ್ವಲ್ಪಸ್ವಲ್ಪವಾಗಿ ಹಲವು ದಿನ ತಿಂದರೂ ಕೇಡೇ. ಲಕ್ಷಣಗಳು ಅನೇಕ ವೇಳೆ ಕೆಲವು ದಿನಗಳ ಮೇಲೆ ತೋರುವುದರಿಂದ ಕಾರಣವು ಮರೆತುಹೋಗಿರುತ್ತದೆ. ವಿಷಕ್ಕೂ ಸಾವಿಗೂ ನಡುವೆ ಇಷ್ಟು ಅಂತರವಿದ್ದಾಗ ಹಣೆಬರಹದ ಮಾತು ಬಾಯಿಗೆ ಬರುವುದು ಆಶ್ಚರ್ಯವಲ್ಲ. ಈರುಳ್ಳಿ ಬೆಳ್ಳುಳ್ಳಿಗಳನ್ನು ಒಲೆಯ ಹತ್ತಿರಕ್ಕೂ ತಾರದಿದ್ದ ಮಡಿಯ ಮನೆಗಳ ಬೆಕ್ಕಿಗೆ ಈ ಒಂದು ಭಯ ಇರಲಿಲ್ಲ. ಆ ಮನೆಗಳವರು ಆಚಾರವನ್ನು ಇಟ್ಟುಕೊಂಡದ್ದು ಬೆಕ್ಕಿಗಾಗಿ ಅಲ್ಲವಾದರೂ ಫಲವು ಬೆಕ್ಕಿಗೂ ದೊರೆಯಿತು.

ಇನ್ನು ಆ ತಂದೆಯ ಮಾತಿಗೆ ಬರಬಹುದು. ತಿಳಿದು ಮಾಡಿದ ಪಾಪವನ್ನೂ ತಿಳಿಯದೆ ಮಾಡಿದ ಪಾಪವನ್ನೂ ಧರ್ಮಶಾಸ್ತ್ರಕಾರರು ಬೇರೆಯಾಗಿಯೇ ಎಣಿಸಿ, ಎರಡನೆಯದಕ್ಕೆ ಹಗುರವಾದ ಪ್ರಾಯಶ್ಚಿತ್ತವನ್ನು ಹೇಳಿರುವರು. ಬೆಕ್ಕನ್ನು ಕೊಂದವನಿಗೂ ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯದಲ್ಲಿ ಪ್ರಾಯಶ್ಚಿತ್ತವುಂಟು. ಚಿನ್ನದ ಬೆಕ್ಕು ಮಾಡಿಸಿ ಕಾಶಿಯಲ್ಲಿ ದಾನ ಮಾಡಬೇಕೆಂಬ ಜನರ ಮಾತಂತೂ ಎಲ್ಲರೂ ಕೇಳಿದುದೇ. ಆದರೆ ಪ್ರಕೃತ ವಿಷಯಕ್ಕೆ ಹೆಚ್ಚು ಉಪಯೋಗವಾಗುವುದು ಅದೇ ಗ್ರಂಥದ ಎಂಟನೆಯ ಅಧ್ಯಾಯದಲ್ಲಿ ಬರುವ ಬಂಡಿಯ ವಿಚಾರ. ಎತ್ತಿನ ಮೂಗುದಾರ ಹರಿದರೆ, ನೊಗವೋ ಅಚ್ಚೋ ಮುರಿದರೆ, ದಾರಿ ಬಿಡಿರೆಂದು ಸಾರಥಿಯು ಕೂಗಿದ್ದರೆ, ಆಗ ಆದ ಹಾನಿಗೆ ದಂಡವಿಲ್ಲ. ಸಾರಥಿಗೆ ಕೆಲಸ ಬಾರದೆ ಬಂಡಿಯು ದಾರಿ ತಪ್ಪಿ ಹಾನಿಯಾದರೋ ದಂಡವು ಬಂಡಿಯ ಸ್ವಾಮಿಗೆ. ಕೆಲಸ ಬಾರದವನ ಕೈಗೆ ಹಗ್ಗವನ್ನು ಕೊಟ್ಟವನೇ ತಪ್ಪಿತಸ್ಥನೆಂದು ಇದರ ಅಭಿಪ್ರಾಯ. ಗ್ರೀಸಿನ ಅರಿಸ್ಟಾಟಲನೂ ತನ್ನ ನೀತಿಶಾಸ್ತ್ರದ ಮೂರನೆಯ ಭಾಗದಲ್ಲಿ ಅಜಾಗರೂಕತೆಯಿಂದ ಉಂಟಾದ ಅಜ್ಞಾನವನ್ನು ಕ್ಷಮಿಸಲಿಲ್ಲ. ಎಚ್ಚರಿಕೆ ವಹಿಸುವುದು ತನ್ನ ಕೈಯಲ್ಲಿಯೇ ಇದ್ದವನು ತಿಳಿಯಲಿಲ್ಲವೆಂದು ತಪ್ಪಿಸಿಕೊಳ್ಳಲಾರನೆಂಬುದು ಅವನ ವಾದ.

ಆದುದರಿಂದ ಜ್ಞಾನ, ಅಜ್ಞಾನ ಎಂಬ ಎರಡು ಕೋಣೆಗಳು ಸಾಲವು. ನಡುವೆ ಪ್ರಮಾದವೆಂಬ ಮೂರನೆಯ ಕೋಣೆಯೊಂದಿದೆ. ಗಾಳಿಗೆ ಮರ ಬಿದ್ದು ಬೆಕ್ಕು ಸತ್ತರೆ ಅದು ಮೂಗುದಾರ ಹರಿದಂತೆ. ಬೇಕೆಂದೇ ವಿಷವಿಟ್ಟವನ ಮಾತು ಬೇರೆ. ಈರುಳ್ಳಿಯ ಪಾತಿಯನ್ನು ಮಾಡಿ, ಬೆಕ್ಕಿಗೆ ನಿತ್ಯವೂ ಅನ್ನ ಹಾಕಿ, ಇವೆರಡಕ್ಕೂ ಏನು ಸಂಬಂಧವೆಂದು ಒಮ್ಮೆಯೂ ವಿಚಾರಿಸದವನು ಈ ನಡುಕೋಣೆಯಲ್ಲಿರುವನು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಕಾಣದೆಯೇ ಎಂದು ಜನರು ನಗುವರು. ತಿಳಿಯಲಿಲ್ಲವೆಂಬ ಮಾತೂ ಒಂದೊಂದು ವೇಳೆ ಮನುಷ್ಯನು ಹಾಲು ಕುಡಿಯುವಾಗ ಮುಚ್ಚುವ ಕಣ್ಣೇ.

ಇಲ್ಲಿ ಹುಡುಗಿಯ ಮಾತಿನ ಬಲವು ಗೋಚರವಾಗುತ್ತದೆ. ಅಡಿಗೆಮನೆಯ ಹೆಂಗಸರು ವಿಷವಿಚಾರದಲ್ಲಿ ಅಜ್ಞರಲ್ಲ. ಆಲೂಗಡ್ಡೆಯ ಮೊಳಕೆಯ ಕಣ್ಣನ್ನು ಕೆತ್ತಿ ತೆಗೆಯುವರು, ಹಸಿರು ತಿರುಗಿದುದನ್ನು ಎಸೆಯುವರು. ಅದರಲ್ಲಿ ಸೋಲನಿನ್ ಎಂಬ ವಿಷವಿದೆಯೆಂದು ಓದಿ ತಿಳಿದು ಹಾಗೆ ಮಾಡುವವರಲ್ಲ, ಹಿರಿಯರು ಮಾಡುತ್ತಿದ್ದರೆಂದು ಮಾಡುವರು. ಮಲೆನಾಡು ಕರಾವಳಿಗಳಲ್ಲಿ ಕೆಸುವಿನ ಎಲೆಯನ್ನು ಹುಣಿಸೆಹುಳಿ ಸೇರಿಸದೆ ಯಾರೂ ಬೇಯಿಸರು. ಪತ್ರೊಡೆ ಮಾಡುವವಳಿಗೆ ಗಂಟಲು ಕೆರೆಯುವ ಕೆಸು ಯಾವುದೆಂದು ಗೊತ್ತು. ಆ ಎಲೆಯಲ್ಲಿ ಸೂಜಿಯಂಥ ಸಣ್ಣ ಹರಳುಗಳಿರುವುವು. ಹಸಿಯ ಕೆಸುವನ್ನು ಕಚ್ಚಿದ ಬೆಕ್ಕು ಜೊಲ್ಲು ಸುರಿಸಿ, ಮುಂಗಾಲಿನಿಂದ ಮೂತಿಯನ್ನು ಉಜ್ಜಿಕೊಂಡು ಒದ್ದಾಡುವುದು ಆ ಸೂಜಿಗಳಿಂದಲೇ. ಸುವರ್ಣಗಡ್ಡೆಯದೂ ಅದೇ ಜಾತಿಯ ಉಪದ್ರವ. ಮನುಷ್ಯನಿಗೆ ಒಲೆಯುಂಟು, ಹುಣಿಸೆಯುಂಟು, ಅಜ್ಜಿಯ ಮಾತುಂಟು. ಬೆಕ್ಕಿಗೆ ಇವು ಮೂರೂ ಇಲ್ಲ. ತಾನು ಪಡೆದ ಈ ಅರಿವನ್ನು ಮನುಷ್ಯನು ತನ್ನ ಎಲೆಯ ತುದಿಯಲ್ಲಿಯೇ ನಿಲ್ಲಿಸಿಬಿಟ್ಟನು. ಮೂರು ಮಾರು ಆಚೆ ಕುಳಿತು ನೋಡುತ್ತಿರುವ ಪ್ರಾಣಿಯ ಬಟ್ಟಲಿನವರೆಗೆ ಅದು ಹೋಗಲಿಲ್ಲ.

ಕರೆಯದೆ ಬಂದ ಬೆಕ್ಕಿಗೆ ಹೊಣೆಯೆಲ್ಲಿಯದೆಂಬ ಆಕ್ಷೇಪವು ಉಳಿಯುತ್ತದೆ. ಬೆಕ್ಕಿಗೆ ಸಾಹಿತ್ಯದಲ್ಲಿ ಒಳ್ಳೆಯ ಹೆಸರಿಲ್ಲ. ಪಂಚತಂತ್ರದಲ್ಲಿ ಅದು ನ್ಯಾಯ ಹೇಳುವ ತಪಸ್ವಿಯಾಗಿ ಕುಳಿತು, ವ್ಯಾಜ್ಯಕ್ಕೆ ಬಂದವರನ್ನೇ ತಿಂದುಹಾಕುತ್ತದೆ. ಡಾಂಭಿಕನಿಗೆ ಬಿಡಾಲವ್ರತಿಯೆಂದೇ ಹೆಸರು. ಇಂಥದಕ್ಕೆ ಇಷ್ಟೊಂದು ವಿಚಾರವೇ ಎನ್ನುವವರಿದ್ದಾರೆ. ಆದರೆ ಶ್ರೀವೈಷ್ಣವರ ವಾದದಲ್ಲಿ ಬರುವ ಮಾರ್ಜಾಲಕಿಶೋರನ್ಯಾಯವನ್ನೂ ಇವರು ನೆನೆಯಬೇಕು. ಕೋತಿಯ ಮರಿ ತಾಯಿಯನ್ನು ತಾನೇ ಅಪ್ಪಿ ಹಿಡಿಯಬೇಕೆಂದು ವಡಗಲೆಯವರೂ, ಬೆಕ್ಕಿನ ಮರಿಯನ್ನು ತಾಯಿಯೇ ಬಾಯಲ್ಲಿ ಕಚ್ಚಿ ಒಯ್ಯುವಳೆಂದು ತೆಂಗಲೆಯವರೂ ದೃಷ್ಟಾಂತ ಕೊಡುವರು. ಅದು ಭಗವಂತನ ಕೃಪೆಯ ವಿಷಯವಾದ ವಾದ. ಇಲ್ಲಿ ಅದರ ನಿರ್ಣಯ ಬೇಕಾಗಿಲ್ಲ. ಬೇಕಾದುದಿಷ್ಟೆ: ಅಪ್ಪಿ ಹಿಡಿಯುವ ಶಕ್ತಿಯಿಲ್ಲದ ಮರಿಯ ವಿಷಯದಲ್ಲಿ ಹೊಣೆಯೆಲ್ಲವೂ ಶಕ್ತಿಯಿದ್ದವರದಾಗುತ್ತದೆಂದು ಎರಡು ಪಕ್ಷದವರಿಗೂ ಬೆಕ್ಕು ಕಲಿಸಿಕೊಟ್ಟಿತು. ಹಿತ್ತಲಿನ ವಿಷಗಳ ಮುಂದೆ ದೊಡ್ಡ ಬೆಕ್ಕೂ ಮರಿಯೇ. ಇನ್ನು ಕರೆಯದೆ ಬಂದ ಮಾತು. ಇಲಿ ಹಿಡಿದ ಉಪಕಾರವನ್ನು ಎರಡು ವರ್ಷ ಉಂಡವನು, ಅದಕ್ಕೆ ಬಟ್ಟಲನ್ನು ಗೊತ್ತುಮಾಡಿದವನು, ಸಂಬಂಧವಿಲ್ಲವೆಂದರೆ ಕೇಳುವವರಾರು? 1960ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯೂ ಪ್ರಾಣಿಯ ಪಾಲನೆಯನ್ನು ಕೈಗೊಂಡವನು ಅದರ ಕ್ಷೇಮಕ್ಕೆ ಯುಕ್ತವಾದ ಕ್ರಮಗಳನ್ನೆಲ್ಲ ನಡೆಸಬೇಕೆನ್ನುತ್ತದೆ. ಜೀವಿಗಳಲ್ಲಿ ದಯೆಯನ್ನು 1976ರಲ್ಲಿ ರಾಜ್ಯಾಂಗದ ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಿದೆ. ಆದರೆ ಬಟ್ಟಲು ಇಟ್ಟ ದಿನವೇ ಹುಟ್ಟಿದ ಹೊಣೆಗೆ ಕಾಯಿದೆಯ ಸಾಕ್ಷಿ ಬೇಕಾಗಿಲ್ಲ.

ಹಾಗಾದರೆ ಬೆಕ್ಕಿಗಾಗಿ ಈರುಳ್ಳಿ ಬೆಳೆಯುವುದನ್ನು ಬಿಡಬೇಕೆ? ಬಿಡಬೇಕಾಗಿಲ್ಲ. ಯುಕ್ತವಾದ ಕ್ರಮವೆಂಬಲ್ಲಿ ಯುಕ್ತವೆಂಬ ಶಬ್ದವು ಸುಮ್ಮನೆ ಬಂದುದಲ್ಲ. ವಿಷಗಳಲ್ಲಿಯೂ ತಾರತಮ್ಯವನ್ನು ತಿಳಿಯಬೇಕು. ಟೊಮೇಟೊ, ಬದನೆ, ಆಲೂಗಡ್ಡೆಗಳ ಎಲೆ ಕಾಂಡಗಳಿಂದ ಸಾಮಾನ್ಯವಾಗಿ ವಾಂತಿ, ಜೊಲ್ಲು, ಮಂಕುತನಗಳಾಗುವುವು. ಪ್ರಾಣಕ್ಕೆ ಬರುವುದು ಅಪರೂಪ. ಪೂರ್ತಿ ಹಣ್ಣಾದ ಟೊಮೇಟೊವಿನಲ್ಲಿ ಆ ಭಯವಿಲ್ಲ. ಸೌತೆ, ಕುಂಬಳ, ಹುರುಳಿಕಾಯಿ, ಕ್ಯಾರೆಟ್, ಕೊತ್ತಂಬರಿಗಳಿಂದ ಬೆಕ್ಕಿಗೆ ಕೇಡಿಲ್ಲ. ಈರುಳ್ಳಿ ಬೆಳ್ಳುಳ್ಳಿಯ ಪಾತಿಗೆ ಮಾತ್ರ ಕೋಳಿಬಲೆಯನ್ನು ಬಿಗಿದು ಮುಚ್ಚಿದರೆ ಮುಕ್ಕಾಲು ಕೆಲಸ ಮುಗಿಯಿತು. ಬೆಕ್ಕು ಪಾತಿಗೆ ಬರುವುದು ಸಡಿಲವಾದ ಒಣಮಣ್ಣಿನ ಆಸೆಗೆ. ಒಂದು ಮೂಲೆಯಲ್ಲಿ ಮರಳಿನ ಗುಡ್ಡೆಯನ್ನು ಅದಕ್ಕೆಂದೇ ಬಿಟ್ಟುಕೊಟ್ಟರೆ ಪಾತಿಯ ಗೊಡವೆ ಕಡಿಮೆಯಾಗುವುದು. ಕಿತ್ತ ಸಸಿ, ಸಿಪ್ಪೆ, ಕೊಳೆತ ಗಡ್ಡೆಗಳನ್ನು ಮುಚ್ಚಳವಿರುವ ಗುಂಡಿಗೆ ಹಾಕಬೇಕು. ಕುಂಡಗಳನ್ನು ಎತ್ತರದಲ್ಲಿಟ್ಟೆವೆಂಬ ಧೈರ್ಯವು ಕೆಲಸಕ್ಕೆ ಬಾರದು. ಎತ್ತರವೆಂಬುದು ಬೆಕ್ಕಿಗೆ ಆಹ್ವಾನವೇ.

ಮೈ ನೆಕ್ಕಿಕೊಳ್ಳುವ ಸ್ವಭಾವವನ್ನು ಮರೆಯಲಾಗದು. ಬೆಕ್ಕಿನ ರೋಮಕ್ಕೆ ಅಂಟಿದುದೆಲ್ಲ ಅದರ ಹೊಟ್ಟೆಗೆ ಸೇರುವುದು. ಹುಳ ಬೀಳದಿರಲೆಂದು ಗಿಡಗಳಿಗೆ ಬೆಳ್ಳುಳ್ಳಿ ಮೆಣಸಿನಕಾಯಿಗಳ ಕಷಾಯವನ್ನೋ ಹೊಗೆಸೊಪ್ಪಿನ ನೀರನ್ನೋ ಎರಚುವ ಪದ್ಧತಿ ಇದೆ. ಇವು ಮನೆಯಲ್ಲಿಯೇ ಮಾಡಿದ್ದು, ಅಂಗಡಿಯ ಔಷಧವಲ್ಲವೆಂಬ ಸಮಾಧಾನ ಬೇರೆ. ಒದ್ದೆ ಎಲೆಗಳ ನಡುವೆ ನುಸುಳಿಬಂದ ಬೆಕ್ಕು ಅದನ್ನೇ ನೆಕ್ಕುವುದು. ಹೊಗೆಸೊಪ್ಪಿನ ನಿಕೋಟಿನ್ ಎಂಥ ವಿಷವೆಂದು ಹೇಳಬೇಕಾಗಿಲ್ಲ. ಹರಳುಹಿಂಡಿಯ ಗೊಬ್ಬರವೂ ಹೀಗೆಯೇ. ಹರಳುಬೀಜದ ರೈಸಿನ್ ವಿಷವು ಶುದ್ಧಿಮಾಡದ ಹಿಂಡಿಯಲ್ಲಿ ಉಳಿದಿರುತ್ತದೆ. ಬೆಕ್ಕಿನ ಹುಳುಕಾಟಕ್ಕೆ ಬೆಳ್ಳುಳ್ಳಿ ತಿನ್ನಿಸುವವರೂ ಇದ್ದಾರೆ. ಅದು ಮದ್ದೆಂಬ ಶಬ್ದದ ಎರಡನೆಯ ಅರ್ಥ.

ಹುಲ್ಲು ಕಡಿಯುವುದು ಬೆಕ್ಕಿಗೆ ಸಹಜವಾದುದರಿಂದ ಕುಂಡದಲ್ಲಿ ಗೋಧಿಯನ್ನೋ ಬಾರ್ಲಿಯನ್ನೋ ಮೊಳೆಯಿಸಿ ಇಡುವುದು ಒಳ್ಳೆಯದು. ಜೋಳವನ್ನು ಹಾಕಬಾರದು, ಎಳೆಜೋಳದ ಪೈರನ್ನು ಮೇದ ದನಗಳು ಸಾಯುವುದನ್ನು ರೈತರು ಬಲ್ಲರು. ಕಳೆಯಾಗಿ ಬೆಳೆಯುವ ಕುಪ್ಪಿಗಿಡದ ಬೇರನ್ನು ಕಿತ್ತು ಹಾಕಿದರೆ ಬೆಕ್ಕುಗಳು ಬಂದು ಅದರ ಮೇಲೆ ಹೊರಳಾಡುವುವು. ಪ್ರೀತಿಯಿಂದ ಹೋದುದೆಲ್ಲ ಹಿತವೆಂದು ತಿಳಿಯಲಾಗದೆಂಬುದಕ್ಕೆ ಇದು ಉದಾಹರಣೆ: ಆ ಗಿಡದಲ್ಲಿಯೂ ವಿಷಾಂಶವುಂಟು. ತರಕಾರಿಯಲ್ಲದಿದ್ದರೂ ಒಂದು ಮಾತನ್ನು ಇಲ್ಲಿ ಬಿಡುವಂತಿಲ್ಲ. ಅಂದಕ್ಕಾಗಿ ಪಾತಿಯ ಅಂಚಿನಲ್ಲಿ ನೆಡುವ, ಹೂದಾನಿಯಲ್ಲಿಡುವ ಲಿಲ್ಲಿಯು ಬೆಕ್ಕಿನ ಮಟ್ಟಿಗೆ ಈರುಳ್ಳಿಗಿಂತಲೂ ಘೋರವಾದುದು. ಅದರ ಪರಾಗವನ್ನು ಮೈಯಿಂದ ನೆಕ್ಕಿದರೂ ಹೂದಾನಿಯ ನೀರನ್ನು ಕುಡಿದರೂ ಕೆಲವೇ ದಿನಗಳಲ್ಲಿ ಮೂತ್ರಪಿಂಡಗಳು ಕೆಟ್ಟು ಸಾಯಬಹುದು. ಬೆಕ್ಕಿರುವ ಮನೆಗೆ ಅದು ಬೇಡ. ವಿಷ ತಿಂದಿತೆಂಬ ಸಂಶಯ ಬಂದಾಗ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಸಾಹಸವನ್ನು ಮಾಡದೆ, ತಿಂದ ಗಿಡದ ತುಂಡೊಂದನ್ನು ಹಿಡಿದುಕೊಂಡು ಪಶುವೈದ್ಯರಲ್ಲಿಗೆ ಓಡುವುದೇ ಸರಿಯಾದ ಮಾರ್ಗ.

ಆ ಗುಮಾಸ್ತೆಯ ಮನೆಯಲ್ಲಿ ಮುಂದೆ ಏನಾಯಿತೆಂದು ವಾಚಕರು ಕೇಳಬಹುದು. ಪಾತಿಗೆ ಬಲೆ ಬಂದಿತು. ಅದನ್ನು ಕಟ್ಟಿದವನು ತಂದೆ. ಮಗಳಿಗೆ ಅವನು ಬಾಯಿಬಿಟ್ಟು ಉತ್ತರವನ್ನೇನೂ ಕೊಡಲಿಲ್ಲ. ಆದರೆ ಹೆಚ್ಚಿನ ಬದಲಾವಣೆಯಾದದ್ದು ಹಣೆಬರಹದ ಮಾತಾಡಿದ ಮುದುಕಿಯಲ್ಲಿ. ಆಕೆಯ ಗಂಡನು ಬದುಕಿದ್ದಾಗ ಊಟಕ್ಕೆ ಮೊದಲು ವೈಶ್ವದೇವ ಮಾಡಿ, ಭೂತಯಜ್ಞದ ಪಿಡಿಯನ್ನಗಳನ್ನು ಹೊರಗಿಡುತ್ತಿದ್ದನು. ನಾಯಿಗೆ, ಕಾಗೆಗೆ, ಇರುವೆಗೆ. ಅವನು ಹೋದ ಮೇಲೆ ಆ ಪದ್ಧತಿ ನಿಂತುಹೋಗಿತ್ತು. ಈಗ ಸೊಸೆಯು ಹುಳಿಗೆ ಒಗ್ಗರಣೆ ಹಾಕುವುದಕ್ಕೆ ಮುಂಚೆ ಮುದುಕಿಯು ಒಲೆಯ ಬಳಿಗೆ ಬಂದು, ಬರಿಯ ಅನ್ನವನ್ನು ಒಂದು ಹಿಡಿ ತೆಗೆದು, ಪುಟ್ಟ ಬಟ್ಟಲಿಗೆ ಹಾಕಿ, ಮೇಲೆ ತಟ್ಟೆ ಮುಚ್ಚಿಡುವಳು. "ಅತ್ತೆ, ಅದೇನು ಬಲಿಯೇ?" ಎಂದು ಸೊಸೆ ನಕ್ಕು ಕೇಳಿದ್ದಳು. "ಒಗ್ಗರಣೆ ಬೀಳುವುದಕ್ಕೆ ಮೊದಲು ತೆಗೆದೆ, ಅಷ್ಟೆ" ಎಂದು ಮುದುಕಿಯು ಬಟ್ಟಲನ್ನು ಎತ್ತಿಕೊಂಡು ಹಿತ್ತಲ ಬಾಗಿಲಿಗೆ ಹೋದಳು.